ಪ್ಲೈವುಡ್ ಗೋಡೆಯ ಆಚೆಯವರ ನಿದ್ದೆ

ನನ್ನ ಗಂಡನ ಶವಪೆಟ್ಟಿಗೆಯ ಮುಂದೆ ನಿಂತು ನಾನು ಆಕಳಿಸಿದೆ. ಒಂದು ಸಲವಲ್ಲ, ಪಾದ್ರಿಯವರು ಪ್ರಾರ್ಥನೆ ಮುಗಿಸುವವರೆಗೂ ಮತ್ತೆ ಮತ್ತೆ. ಬಾಯಿಗೆ ಕರವಸ್ತ್ರ ಒತ್ತಿ ಹಿಡಿದಿದ್ದೆ. ದೂರದಲ್ಲಿ ನಿಂತವರು ಪಾಪ, ಅಳುತ್ತಿದ್ದಾಳೆ ಎಂದುಕೊಂಡರು. ಪಕ್ಕದಲ್ಲೇ ಇದ್ದ ಅತ್ತೆಗೆ ಮಾತ್ರ ಗೊತ್ತಾಯಿತು. ಅವರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಅಲ್ಲಿಂದ ಸರಿದು ಕಿರಿಯ ಮಗನ ಪಕ್ಕ ಹೋಗಿ ನಿಂತರು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು.

ಆ ಬೆಳಿಗ್ಗೆ ಸ್ಮಶಾನಕ್ಕೆ ಹೊರಡುವ ಮುಂಚೆ ನನಗೆ ನಿದ್ದೆಯ ಮಾತ್ರೆ ನುಂಗಿಸಿದ್ದರು. ನುಂಗಿಸಿದವರು ಕೆಟ್ಟವರಲ್ಲ. ಆದರೂ ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ. ಆ ಹೇಸಿಗೆಯನ್ನು ಮುಚ್ಚಿಡದೆ ಬರೆಯಬೇಕೆಂದು ಕೂತಿದ್ದೇನೆ. ತನ್ನವರನ್ನು ಕಳೆದುಕೊಂಡು, ಯಾರೋ ಕೊಟ್ಟ ಮಾತ್ರೆಯ ಮಂಪರಿನಲ್ಲಿ ಕೂತು, ನನ್ನ ಮನಸ್ಸು ಇಷ್ಟು ಕಲ್ಲಾಯಿತೇ ಎಂದು ತನ್ನ ಮೇಲೇ ಅನುಮಾನ ಪಡುತ್ತಿರುವ ಒಬ್ಬಳಾದರೂ ಇದನ್ನು ಓದಲಿ.

ನಮ್ಮದು ಶಿರ್ವದ ಕಡೆ. ಮನೆಮಾತು ಕೊಂಕಣಿ, ಓದು ಬರಹ ಚರ್ಚಿನ ಶಾಲೆಯ ಕನ್ನಡ, ಅದೂ ಹತ್ತನೆಯವರೆಗೆ. ನನ್ನ ಗಂಡ ವಲೇರಿಯನ್, ತಾಯಿಯ ಬಾಯಲ್ಲಿ ವಾಲ್ಲಿ, ಅಬುಧಾಬಿಯ ಒಂದು ಹೋಟೆಲಿನಲ್ಲಿ ಎಸಿ ಮೆಕ್ಯಾನಿಕ್. ನಾನು ಅದೇ ಹೋಟೆಲಿನ ಲಾಂಡ್ರಿಯಲ್ಲಿ. ಮಕ್ಕಳಾಗಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಮೀನಿನ ಮಾರ್ಕೆಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದವರು ಹಾಗೆಯೇ ಕುಸಿದರು. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರಿಗೆ ಕಳಿಸುವ ಮಾತು ಬಂತು. ಅತ್ತೆ ಆಗ ದುಬೈಯ ಅಲ್ ನಹ್ದಾದಲ್ಲಿ, ಕಿರಿಯ ಮಗ ಸ್ಟ್ಯಾನಿಯ ಮನೆಯಲ್ಲಿದ್ದರು. "ಊರಲ್ಲಿ ಯಾರುಂಟು ಅವನಿಗೆ? ನಾನಿರುವ ದೇಶದಲ್ಲೇ ಮಲಗಲಿ" ಎಂದರು. ಇಲ್ಲೇ ಮಣ್ಣು ಮಾಡಿದೆವು.

ನಾವಿದ್ದದ್ದು ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಕಟ್ಟಡವೊಂದರಲ್ಲಿ, ಒಂದೇ ಫ್ಲಾಟಿನಲ್ಲಿ ಮೂರು ಸಂಸಾರ. ಹಾಲಿಗೆ ಪ್ಲೈವುಡ್ ಹೊಡೆದು ಎರಡು ಮಾಡಿದ್ದರು. ಅರ್ಧ ನಮ್ಮದು, ಇನ್ನರ್ಧ ಮೈಸೂರಿನ ಪ್ರಕಾಶ್ ಮತ್ತು ಅವನ ಹೆಂಡತಿಯದು. ಒಳಕೋಣೆಯಲ್ಲಿ ಮೂಡುಬಿದಿರೆಯ ಶಾರದಕ್ಕ ಮತ್ತು ಅವರ ಗಂಡ. ಪ್ರಕಾಶ್ ಮಗ್ಗುಲು ಬದಲಿಸಿದರೆ ನಮ್ಮ ಮಂಚಕ್ಕೆ ತಿಳಿಯುತ್ತಿತ್ತು. ಇಂಥ ಪಾರ್ಟಿಷನ್ ಇಲ್ಲಿ ಕಾನೂನಿಗೆ ವಿರುದ್ಧ. ಯಾರಾದರೂ ದೂರು ಕೊಟ್ಟು ಮುನಿಸಿಪಾಲಿಟಿಯವರು ಬಾಗಿಲು ತಟ್ಟಿದರೆ ಮೂರು ಸಂಸಾರವೂ ಬೀದಿಗೆ. ಆದ್ದರಿಂದ ಫ್ಲಾಟಿನ ಮೊದಲ ನಿಯಮವೆಂದರೆ ಸದ್ದು ಹೊಸ್ತಿಲು ದಾಟಬಾರದು. ಗಂಡ ಹೆಂಡಿರ ಜಗಳವನ್ನೂ ನಾವು ಪಿಸುಮಾತಿನಲ್ಲೇ ಆಡುತ್ತಿದ್ದೆವು.

ವಲೇರಿಯನ್ ಹೋದಾಗ ನಾನು ಅತ್ತದ್ದು ಪಿಸುಮಾತಿನಲ್ಲಲ್ಲ. ಅಜ್ಜಿ, ಅಮ್ಮ, ದೊಡ್ಡಮ್ಮಂದಿರು ಹೇಗೆ ಹೆಸರು ಹಿಡಿದು, ಎದೆ ಬಡಿದುಕೊಂಡು ಅತ್ತಿದ್ದರೋ ಹಾಗೆಯೇ ಅತ್ತೆ. ಮಣ್ಣು ಮಾಡುವ ದಿನ ಬೆಳಗಾಗುವಾಗ ನಾತೂರ್ ಬಂದು ಬೆಲ್ ಒತ್ತಿದ. ಇಲ್ಲಿ ಕಟ್ಟಡದ ಕಾವಲಿನವನನ್ನು ಎಲ್ಲರೂ ಕರೆಯುವುದು ಹಾಗೆ.

"ಕ್ಯಾ ಹುವಾ? ನೀಚೇವಾಲಾ ಕಂಪ್ಲೇಂಟ್ ಕರ್ತಾ ಹೈ."

ಕೆಳಗಿನ ಮನೆಯವರು ದೂರು ಹೇಳಿದ್ದರು. ಶಾರದಕ್ಕ ಬಾಗಿಲನ್ನು ಗೇಣಗಲ ತೆರೆದು ಏನೋ ಹೇಳಿ ಕಳಿಸಿದರು. ನೇರ ಅಡುಗೆಮನೆಗೆ ಹೋಗಿ ಕಪಾಟಿನ ಮೇಲಿನ ಡಬ್ಬಿ ಇಳಿಸಿದರು. ಬೆಣ್ಣೆ ಬಿಸ್ಕತ್ತಿನ ತಗಡಿನ ಡಬ್ಬಿ ಅದು. ಬಿಸ್ಕತ್ತು ಯಾವಾಗಲೋ ಮುಗಿದಿತ್ತು. ಇನ್ಶೂರೆನ್ಸ್ ಕಾರ್ಡ್ ಇದೆಯೆಂದು ಮೂರು ಸಂಸಾರದವರೂ ಶೀತಕ್ಕೆ, ಸೊಂಟಕ್ಕೆ, ಸುಮ್ಮನೆ ಸುಸ್ತಿಗೆ ಕ್ಲಿನಿಕ್ಕಿಗೆ ಹೋಗಿ ತಂದು ಉಳಿಸಿದ ಮಾತ್ರೆಗಳೆಲ್ಲ ಅದರಲ್ಲಿದ್ದವು. ಉಪ್ಪು ಸಕ್ಕರೆಯ ಹಾಗೆ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ರಜೆಗೆ ಊರಿಗೆ ಹೋಗುವವರು ಸೆಂಟು, ಹಾಲಿನ ಪುಡಿಯ ಜೊತೆ ಅದರಿಂದಲೂ ಒಂದು ಹಿಡಿ ಒಯ್ಯುತ್ತಿದ್ದರು. ಗಲ್ಫಿನ ಮಾತ್ರೆ ಸ್ಟ್ರಾಂಗ್ ಎಂದು ಊರಲ್ಲಿ ಅದಕ್ಕೆ ಮರ್ಯಾದೆ.

"ಇದು ತಗೋ ಹಿಲ್ಡಾ. ನಂಗೆ ನಿದ್ದೆ ಇಲ್ಲದ್ದಕ್ಕೆ ಡಾಕ್ಟ್ರು ಕೊಟ್ಟದ್ದು. ಎರಡು ತಗೋ."

"ಸ್ಮಶಾನಕ್ಕೆ ಹೋಗ್ಲಿಕ್ಕುಂಟಲ್ಲ ಅಕ್ಕ."

"ಅದಕ್ಕೇ ಹೇಳುದು ಮಾರಾಯ್ತಿ. ಅಲ್ಲಿ ನೀನು ಬಿದ್ದುಗಿದ್ದು ಹೋದ್ರೆ ನಿನ್ನನ್ನು ಹೊರುದು ಯಾರು?"

ನುಂಗಿದೆ. ಆಮೇಲೆ ನಡೆದದ್ದನ್ನು ಹೇಳಿದ್ದೇನೆ.

ಮರುದಿನ ಶಾರದಕ್ಕ, ಪ್ರಕಾಶ್ ಇಬ್ಬರೂ ಸೇರಿ ನನ್ನನ್ನು ಕ್ಲಿನಿಕ್ಕಿಗೆ ಕರೆದೊಯ್ದರು. ಕಾಯುವ ಕೋಣೆಯಲ್ಲಿ ಟಿವಿಯಲ್ಲಿ ಯಾರೋ ಕೇಕು ಮಾಡುತ್ತಿದ್ದರು. ಎಲ್ಲರ ಕೈಯಲ್ಲೂ ಟೋಕನ್, ಎಲ್ಲರ ಮಡಿಲಲ್ಲೂ ಕಾರ್ಡು. ಒಳಗಿನಿಂದ ಹೊರಬರುವ ಪ್ರತಿಯೊಬ್ಬರ ಕೈಯಲ್ಲೂ ಪಿನ್ ಹೊಡೆದ ಬಿಳಿ ಚೀಲ. ಚೀಲ ದಪ್ಪವಿದ್ದಷ್ಟೂ ಮುಖದಲ್ಲಿ ಸಮಾಧಾನ. ದೊಡ್ಡ ಮಾಲಿನಿಂದ ಬರುವವರ ಹಾಗೆ.

ಡಾಕ್ಟರು ನಮ್ಮ ದೇಶದವರೇ. ನನ್ನನ್ನು ಏನೂ ಕೇಳಲಿಲ್ಲ. ಶಾರದಕ್ಕನನ್ನು ಕೇಳಿದರು.

"ನಿದ್ದೆ?"

"ಇಲ್ಲ ಡಾಕ್ಟ್ರೇ. ಅಳುದೇ ಅಳುದು."

ಪ್ರಕಾಶ್ ಮೆಲ್ಲಗೆ ಸೇರಿಸಿದ. "ಸರ್, ನಮಗೂ ಬೆಳಿಗ್ಗೆ ಐದಕ್ಕೆಲ್ಲ ಡ್ಯೂಟಿ ಇರುತ್ತೆ. ಅವರ ಒಳ್ಳೇದಕ್ಕೇ ಹೇಳ್ತಿರೋದು."

ಡಾಕ್ಟರು ತಲೆಯಾಡಿಸುತ್ತಲೇ ಟೈಪು ಮಾಡಿದರು. ನಿದ್ದೆಗೆ ಒಂದು. ಅದು ಹೊಟ್ಟೆ ಉರಿಸಬಹುದು, ಅದಕ್ಕೊಂದು. ಮಲಬದ್ಧತೆ ಆಗಬಹುದು, ಅದಕ್ಕೊಂದು ಪುಡಿ. ಶಕ್ತಿಗೆ ವಿಟಮಿನ್. ಗಂಡ ಸತ್ತಿದ್ದಕ್ಕೆ ಒಂದು ಚೀಲ ತುಂಬಿತು. "ಮೂವ್ ಆನ್ ಆಗಬೇಕಮ್ಮ" ಎಂದರು. ಅವರ ಕೈಬೆರಳುಗಳು ಬಹಳ ಶುಭ್ರವಾಗಿದ್ದವು. ಅದೊಂದೇ ನೆನಪಿದೆ.

ಕೆಲವು ದಿನಗಳ ಮೇಲೆ ನಿದ್ದೆಯ ಮಾತ್ರೆ ಮುಗಿದಾಗ, ಅದನ್ನು ಮತ್ತೆ ಮತ್ತೆ ತರಲು ಸಾಮಾನ್ಯ ಚೀಟಿ ಸಾಲದೆಂದು ಗೊತ್ತಾಯಿತು. ಬೇರೆ ಸೀಲಿನ ಚೀಟಿ ಬೇಕು, ಮನೋವೈದ್ಯರ ಸಹಿ ಬೇಕು. ಸಹಿಯೂ ಸಿಕ್ಕಿತು. ತಿಂಗಳು ತಿಂಗಳು ಹೋಗುವುದು, "ಹೇಗಿದ್ದೀರಿ?" "ನಿದ್ದೆ ಬರುತ್ತದೆ." "ಗುಡ್." ಇಷ್ಟೇ ಮಾತು. ಎಲ್ಲಿಯವರೆಗೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಬುದ್ಧಿಯೇ ಮಂಕಾಗಿತ್ತು.

ಆ ದಿನಗಳ ನನ್ನ ದೇಹವನ್ನು ನೆನೆದರೆ ಈಗಲೂ ಮುಖ ಸಿಂಡರಿಸುತ್ತೇನೆ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಜೊಲ್ಲಿನ ಕಲೆ. ಹಿತ್ತಾಳೆ ಪಾತ್ರೆ ನೆಕ್ಕಿದ ಹಾಗೆ ನಾಲಿಗೆ. ಉಪ್ಪು ಹುಳಿ ತಿಳಿಯದು. ಮೀನು ಹಳಸಿದ್ದು ಗೊತ್ತಾಗದೆ ತಿಂದು ಇಡೀ ದಿನ ವಾಂತಿ ಮಾಡಿದ್ದೂ ಉಂಟು. ಮೈ ಹಿಟ್ಟಿನ ಹಾಗೆ ಊದಿತು. ಲಾಂಡ್ರಿಯಲ್ಲಿ ಮಡಚಿದ ಶೀಟನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಚರ್ಚಿನಲ್ಲಿ ಗಂಡನ ಹೆಸರಿನಲ್ಲಿ ನಡೆದ ತಿಂಗಳ ಪೂಜೆಗೆ ಹೋಗಿದ್ದೆನಂತೆ. ಫೋಟೋದಲ್ಲಿ ಇದ್ದೇನೆ. ನೆನಪಿನಲ್ಲಿ ಇಲ್ಲ.

ಇದಕ್ಕಿಂತ ಅಸಹ್ಯವಾದದ್ದು ಜನರ ಮೆಚ್ಚುಗೆ. ಚರ್ಚಿನ ಅಂಗಳದಲ್ಲಿ ಹೆಂಗಸರು ಕೈ ಹಿಡಿದು "ಎಷ್ಟು ಧೈರ್ಯ ನಿಂದು! ದೇವರು ಎಂಥ ಶಾಂತಿ ಕೊಟ್ಟಿದ್ದಾನೆ" ಎನ್ನುತ್ತಿದ್ದರು. ನಾತೂರ್ ಮತ್ತೆ ಬರಲಿಲ್ಲ. ಪ್ರಕಾಶನಿಗೆ ನಿದ್ದೆ ಬರುತ್ತಿತ್ತು. ಇಡೀ ಫ್ಲಾಟಿಗೆ ಹಿತವಾಗಿತ್ತು. ಶಾರದಕ್ಕ ದಿನವೂ ಊಟವಾಯಿತಾ ಎಂದು ಕೇಳುವ ಬದಲು "ಮಾತ್ರೆ ಆಯ್ತಾ?" ಎಂದು ಕೇಳುತ್ತಿದ್ದರು.

ಹಾಗೇ ಬಹಳ ತಿಂಗಳು ಹೋದ ಮೇಲೆ ಸ್ಟ್ಯಾನಿ ಫೋನ್ ಮಾಡಿದ.

"ಅತ್ತಿಗೆ, ಬೇಜಾರು ಮಾಡ್ಬೇಡಿ, ಒಂದು ಮಾತು. ವರ್ಷದ ಪೂಜೆಗೆ ಮಾಂಯ್ ಬರುದಿಲ್ಲ ಅಂತಾಳೆ."

ಮಾಂಯ್ ಎಂದರೆ ಅತ್ತೆ. ನಾನೂ ಅವರನ್ನು ಹಾಗೇ ಕರೆಯುವುದು.

"ಯಾಕೆ?"

"ನಿಮ್ಮ ಪಕ್ಕ ನಿಲ್ಲುದಿಲ್ಲವಂತೆ. ಅವಳಿಗೆ ಅವನ ಮೇಲೆ ಮನಸ್ಸೇ ಇರ್ಲಿಲ್ಲ, ಒಂದು ಹನಿ ಕಣ್ಣೀರು ಬಂತಾ, ಅಂತ ಕೇಳ್ತಾಳೆ. ನಾನೆಂತ ಹೇಳ್ಲಿ?"

ನಾನು "ಹೌದಾ" ಎಂದೆ. ಫೋನ್ ಇಟ್ಟು ಟೀ ಕುಡಿದೆ. ಕಪ್ಪು ತೊಳೆಯುವಾಗ ತಟ್ಟನೆ ಭಯವಾಯಿತು. ಇಷ್ಟು ದೊಡ್ಡ ಮಾತು ಕೇಳಿಯೂ ಒಳಗೆ ಏನೂ ಅಲುಗಾಡಲಿಲ್ಲವಲ್ಲ! ಸಿಟ್ಟಾದರೂ ಬರಬೇಡವೇ? ಬೇಕೆಂದೇ ವಲೇರಿಯನ್‌ರನ್ನು ನೆನೆದೆ. ಅವರ ಕೂದಲು, ಬೆವರಿನ ವಾಸನೆ, ಸ್ಕ್ರೂಡ್ರೈವರಿನಿಂದ ಬೆನ್ನು ಕೆರೆದುಕೊಳ್ಳುವ ಅಭ್ಯಾಸ. ಎಲ್ಲವೂ ಬೇರೆ ಯಾರದೋ ಮದುವೆಯ ಆಲ್ಬಮ್ಮಿನ ಹಾಗಿತ್ತು. ಅಂದರೆ ಅತ್ತೆ ಹೇಳಿದ್ದು ನಿಜವೇ? ನನಗೆ ಗೊತ್ತಾಗಬೇಕಿತ್ತು. ಅತ್ತೆಯ ಜೊತೆ ಕೂತು ಒಮ್ಮೆಯಾದರೂ ಅವರ ಮಗನಿಗಾಗಿ ಅಳಬೇಕಿತ್ತು. ಆ ಹೊತ್ತಿನಿಂದ ನನಗೆ ಬೇಕಿದ್ದದ್ದು ಅದೊಂದೇ.

ಮಾತ್ರೆಯನ್ನು ಅಂದೇ ನಿಲ್ಲಿಸಿದೆ. ಅದು ದಡ್ಡತನ. ಓದುವವರು ದಯಮಾಡಿ ಹಾಗೆ ಮಾಡಬೇಡಿ. ಮೊದಲು ಬೆವರು, ಆಮೇಲೆ ನಡುಕ. ಚರ್ಮದ ಕೆಳಗೆ ಇರುವೆ ಸಾಲು ಹೋಗುವ ಹಾಗೆ. ಕೆಲವೇ ದಿನಗಳಲ್ಲಿ ಲಾಂಡ್ರಿಯ ನೆಲದ ಮೇಲೆ ಕೈಕಾಲು ಸೆಟೆದು ಬಿದ್ದೆನಂತೆ. ಒದ್ದೆ ಟವೆಲ್ ಗಾಡಿಯ ಪಕ್ಕ, ಬಟ್ಟೆಯಲ್ಲೇ ಮೂತ್ರ ಹೋಗಿತ್ತು. ನಮ್ಮ ಸೂಪರ್‌ವೈಸರ್ ಉಪ್ಪಿನಂಗಡಿಯ ಉಮ್ಮರ್ ಭಾಯಿ ಹೋಟೆಲಿನ ಒಂದು ಹೊಸ ಶೀಟು ಎಳೆದು ನನ್ನ ಮೇಲೆ ಹೊದಿಸಿ, ಎಲ್ಲರನ್ನೂ "ಯಲ್ಲಾ, ಯಲ್ಲಾ, ಇಲ್ಲಿ ಸಿನಿಮಾ ಇಲ್ಲ" ಎಂದು ಓಡಿಸಿದ್ದರು. ಆ ಶೀಟಿನ ಉಪಕಾರ ನಾನು ಮರೆಯುವುದಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದವರು ಒಬ್ಬ ಹೆಂಗಸು ಡಾಕ್ಟರು. ಅವರ ಭಾಷೆ ಅರಬಿ, ನನ್ನದು ಹರಕು ಇಂಗ್ಲಿಷು, ಹಿಂದಿ. ನರ್ಸ್ ಹುಡುಗಿ ನಡುವೆ ನಿಂತು ಹೇಳಿದಳು. ಡಾಕ್ಟರು ಮೊದಲು ಕೇಳಿದ್ದು, "ನಿನ್ನ ಗಂಡನ ಹೆಸರೇನು?" ಈ ಪ್ರಶ್ನೆಯನ್ನು ಆವರೆಗೆ ಯಾವ ಡಾಕ್ಟರೂ ಕೇಳಿರಲಿಲ್ಲ. ಹೇಳಿದೆ. ಅವರು ಅದನ್ನು ಸರಿಯಾಗಿ ಉಚ್ಚರಿಸುವವರೆಗೆ ಮತ್ತೆ ಮತ್ತೆ ಹೇಳಿಸಿದರು. ಆಮೇಲೆ, ಈ ಮಾತ್ರೆಯನ್ನು ಕೆಲವು ವಾರ ಕೊಡಬಹುದಿತ್ತು, ಇಷ್ಟು ಕಾಲ ಕೊಡಬಾರದಿತ್ತು, ಈಗ ಒಮ್ಮೆಗೇ ಬಿಡಲಿಕ್ಕೂ ಆಗದು, ಸ್ವಲ್ಪ ಸ್ವಲ್ಪವೇ ಇಳಿಸೋಣ ಎಂದರು.

"ಎಷ್ಟು ಸಮಯ ಹಿಡೀತದೆ?"

"ನಿನ್ನ ಮೈ ಹೇಳಿದಷ್ಟು."

"ವರ್ಷದ ಪೂಜೆ ಹತ್ತಿರ ಬಂತು."

ನರ್ಸ್ ಅದನ್ನು ಅರಬಿಯಲ್ಲಿ ಹೇಗೆ ಹೇಳಿದಳೋ. ಡಾಕ್ಟರು ನನ್ನ ಕೈ ಹಿಡಿದು, ಪೂಜೆಗೆ ಹೇಗಿದ್ದೀಯೋ ಹಾಗೇ ಹೋಗು ಎಂದರು.

ಹಾಗೇ ಹೋದೆ. ಮಾತ್ರೆ ಅರ್ಧಕ್ಕೆ ಇಳಿದಿತ್ತು. ಅತ್ತೆ ಬರಲಿಲ್ಲ.

ಮಾತ್ರೆ ಕಡಿಮೆಯಾದ ಹಾಗೆ ದುಃಖ ಹಿಂದಿರುಗಿತು. ಅದು ಹೀಗೇ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೊದಲು ಮೂಗಿಗೆ ಬಂತು. ಬೀರು ತೆರೆದಾಗ ವಲೇರಿಯನ್‌ರ ಅಂಗಿಯ ವಾಸನೆ ಇದ್ದಕ್ಕಿದ್ದಂತೆ ಹೊಡೆಯಿತು. ಆಮೇಲೆ ಗಂಟಲಿಗೆ. ಒಂದು ಸಂಜೆ ಅಕ್ಕಿ ತೊಳೆಯುತ್ತಾ ಜೋರಾಗಿ ಅಳು ಬಂತು. ಪ್ರಕಾಶ್ ಬಾಗಿಲಲ್ಲಿ ನಿಂತ.

"ಆಂಟಿ, ಮತ್ತೆ ಶುರುವಾಯ್ತಾ? ಟ್ಯಾಬ್ಲೆಟ್ ಸ್ಟಾಪ್ ಮಾಡಿದ್ರಾ?"

ಶಾರದಕ್ಕ ಡಬ್ಬಿ ತೆಗೆದೇ ಬಿಟ್ಟರು. "ಒಂದು ತಗೋ. ಒಂದಕ್ಕೆ ಎಂತ ಆಗುದಿಲ್ಲ."

ನನಗೆ ಆ ಡಬ್ಬಿಯನ್ನು ನೋಡಿ ವಾಕರಿಕೆ ಬಂತು. ನಿಜವಾದ ವಾಕರಿಕೆ. ಸಿಂಕಿಗೆ ಬಗ್ಗಿದೆ. ಮುಖ ತೊಳೆದು ಹೇಳಿದೆ: "ಅಕ್ಕ, ಈ ಮಾತ್ರೆ ನನ್ನ ನಿದ್ದೆಗಲ್ಲ, ನಿಮ್ಮ ನಿದ್ದೆಗೆ. ಹಾಗಾದ್ರೆ ನೀವೇ ತಗೊಳ್ಳಿ."

ಶಾರದಕ್ಕನಿಗೆ ಬಹಳ ನೋವಾಯಿತು. "ಉಪಕಾರ ಮಾಡಿದವರಿಗೆ ಇದಾ ಮರ್ಯಾದೆ?" ಎಂದು ಒಳಗೆ ಹೋದರು. ಕೆಲವು ದಿನ ಗ್ಯಾಸ್ ಸ್ಟವ್‌ನ ಮುಂದೆ ಭುಜಕ್ಕೆ ಭುಜ ತಾಗುವಂತೆ ನಿಂತು, ಮಾತಿಲ್ಲದೆ ಬೇರೆ ಬೇರೆ ಪಾತ್ರೆ ಕಲಕಿದೆವು. ಕಡೆಗೆ ಅವರೇ, "ನಿನ್ನ ಸಾರು ಉಕ್ಕುತ್ತಾ ಉಂಟು" ಎಂದರು. ಸರಿಹೋಯಿತು. ಡಬ್ಬಿಯ ಮಾತ್ರೆಗಳನ್ನೆಲ್ಲ ಫಾರ್ಮಸಿಯಲ್ಲಿ ಹಿಂದಿರುಗಿಸಲು ಇಬ್ಬರೂ ಒಟ್ಟಿಗೇ ಹೋದೆವು. ಅವಧಿ ಮೀರಿದವು ಎಷ್ಟಿದ್ದವೋ! ಕೆಲವು ಕರಗಿ ಅಂಟಾಗಿ ಹಳದಿ ಬಣ್ಣ ಬಿಟ್ಟಿದ್ದವು. ಇಂಥದ್ದನ್ನು ನಾವು ಊರಿನ ಮುದುಕಿಯರಿಗೆ ಉಡುಗೊರೆಯಾಗಿ ಕೊಡುತ್ತಿದ್ದೆವು.

ಅಳುವುದಕ್ಕೆ ಜಾಗ ಬೇಕಿತ್ತು. ಉಮ್ಮರ್ ಭಾಯಿಯೇ ದಾರಿ ಹೇಳಿದರು. ಇಸ್ತ್ರಿಯ ಮುಂದೆ ನಾನು ಕಣ್ಣೊರೆಸುವುದನ್ನು ಕಂಡು ಗದರಿದರು.

"ಬಿಳಿ ಶೀಟಿನ ಮೇಲೆ ಅಳ್ಬೇಡ ತಂಗಿ, ಕಾಡಿಗೆ ಕಲೆ ಹೋಗುದಿಲ್ಲ. ಅಳುದಾದ್ರೆ ಡ್ರೈಯರಿನ ಹತ್ರ ಹೋಗು. ಅಲ್ಲಿ ನೀನು ಬೊಬ್ಬೆ ಹೊಡೆದ್ರೂ ದೇವರಿಗೆ ಬಿಟ್ಟು ಬೇರೆಯವ್ರಿಗೆ ಕೇಳುದಿಲ್ಲ."

ಸಾಲು ಡ್ರೈಯರುಗಳು ತಿರುಗುವಾಗ ಆ ಮೂಲೆಯಲ್ಲಿ ನಿಂತರೆ ನಿಜವಾಗಿಯೂ ಏನೂ ಕೇಳುತ್ತಿರಲಿಲ್ಲ. ಅಲ್ಲಿ ಗಂಡನ ಹೆಸರು ಹಿಡಿದು ಅತ್ತೆ. ಬಿಸಿ ಗಾಳಿಗೆ ಮುಖ ತಾನೇ ಒಣಗುತ್ತಿತ್ತು. ರಜೆಯ ದಿನ ಬಿಸಿಲೇರುವ ಮುಂಚೆ ಕಾರ್ನಿಷಿನ ಉದ್ದಕ್ಕೂ ಸಮುದ್ರದ ಬದಿಯಲ್ಲಿ ನಡೆಯುತ್ತಿದ್ದೆ, ಕಾಲು ಸೋಲುವವರೆಗೆ. ಮಧ್ಯಾಹ್ನದ ಮೇಲೆ ಟೀ ಬಿಟ್ಟೆ. ಸಂಜೆ ಗಂಜಿ, ಉಪ್ಪಿನಕಾಯಿ. ಊಟದ ಮುಂಚೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ದನಿ ಎತ್ತಿಯೇ. ಅದಕ್ಕೆ ಫ್ಲಾಟಿನವರೂ ಒಪ್ಪಿದರು. ಪ್ರಕಾಶನ ಹೆಂಡತಿ ಒಮ್ಮೊಮ್ಮೆ ಬಂದು ಸುಮ್ಮನೆ ಕೂರುತ್ತಿದ್ದಳು. ಇವುಗಳಿಂದ ಪವಾಡವೇನೂ ಆಗಲಿಲ್ಲ. ನಿದ್ದೆ ಇಲ್ಲದ ರಾತ್ರಿಗಳು ಇದ್ದವು, ಈಗಲೂ ಇವೆ. ಆದರೆ ಎಚ್ಚರವಾಗಿರುವವಳು ನಾನೇ. ಮಾತ್ರೆಯೇ ಬೇಡವೆನ್ನುವವಳೂ ನಾನಲ್ಲ. ಥೈರಾಯ್ಡ್‌ನದ್ದು ಇವತ್ತೂ ಬೆಳಿಗ್ಗೆ ತೆಗೆದುಕೊಂಡೆ. ನನ್ನ ಹೇಸಿಗೆ ಔಷಧದ ಮೇಲಲ್ಲ. ಅಳುವವರನ್ನು ಸುಮ್ಮನಿರಿಸಲು ಅದನ್ನು ಬಾಯಿಗೆ ತುರುಕುವುದರ ಮೇಲೆ.

ನಿದ್ದೆಯ ಮಾತ್ರೆ ಪೂರ್ತಿ ಬಿಟ್ಟ ಮೇಲೆ ಒಂದು ಶುಕ್ರವಾರ ದುಬೈ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆಯ ಬೈಗುಳಕ್ಕೆ ಉತ್ತರ ಕಟ್ಟುತ್ತಿದ್ದೆ. ಬಾಗಿಲು ತೆರೆದರೆ ಅತ್ತೆ ಸೋಫಾದಲ್ಲಿ ಕೂತಿದ್ದರು. ನಕ್ಕರು.

"ಬಾ ಬಾಯೆ. ಊಟ ಆಯ್ತಾ?"

ಅವರ ತುಟಿಯ ಮೂಲೆ ಒದ್ದೆಯಾಗಿತ್ತು. ಕಣ್ಣು ನನ್ನನ್ನು ನೋಡುತ್ತಿತ್ತು, ಆದರೆ ತಲುಪುತ್ತಿರಲಿಲ್ಲ. ನಾನು ಅವರ ಕಾಲ ಬಳಿ ಕೂತು, "ಮಾಂಯ್, ಅವತ್ತು ಸ್ಮಶಾನದಲ್ಲಿ ನನಗೆ ಮಾತ್ರೆ ಕೊಟ್ಟಿದ್ದರು" ಎಂದು ಶುರುಮಾಡಿ ಅತ್ತುಬಿಟ್ಟೆ. ಅವರು ನನ್ನ ತಲೆ ನೇವರಿಸಿದರು, ಬೆಕ್ಕನ್ನು ನೇವರಿಸುವ ಹಾಗೆ. "ಅಳಬಾರದು. ಸ್ಟ್ಯಾನಿ, ಇವಳಿಗೂ ಒಂದು ಕೊಡು. ಒಳ್ಳೇದುಂಟು ಅದು."

ಸ್ಟ್ಯಾನಿ ನನ್ನನ್ನು ಅಡುಗೆಮನೆಗೆ ಕರೆದ.

"ಎಂತ ಮಾಡುದು ಅತ್ತಿಗೆ, ಇಡೀ ದಿನ ಅಳ್ತಿದ್ದಳು. ನನ್ನ ಮಗನಿಗೆ ಪರೀಕ್ಷೆ. ಡಾಕ್ಟ್ರು ಬರೆದು ಕೊಟ್ರು. ಈಗ ನೋಡಿ, ಎಷ್ಟು ಶಾಂತ. ನಿಮ್ಮ ಮೇಲಿನ ಸಿಟ್ಟೂ ಖಲಾಸ್!"

ಅವನು ನನಗೊಂದು ಒಳ್ಳೆಯ ಸುದ್ದಿ ಕೊಟ್ಟಂತೆ ನಗುತ್ತಿದ್ದ. ನನಗೆ ಬೇಕಿದ್ದದ್ದು ಆ ಸಿಟ್ಟೇ. ವಲೇರಿಯನ್ ಸತ್ತರೆಂದು ನನ್ನಷ್ಟೇ ಉರಿಯುವ ಇನ್ನೊಂದು ಜೀವ ಈ ದೇಶದಲ್ಲಿ ಅದೊಂದೇ ಇತ್ತು. ಅದನ್ನೂ ಒರೆಸಿ ಇಟ್ಟಿದ್ದರು.

ಅವನನ್ನು ಒಪ್ಪಿಸಲು ಬಹಳ ದಿನ ಹಿಡಿಯಿತು. ನಾನು ಲಾಂಡ್ರಿಯ ನೆಲದಲ್ಲಿ ಬಿದ್ದದ್ದನ್ನು, ಬಟ್ಟೆ ಒದ್ದೆಯಾದದ್ದನ್ನೂ ಬಿಡದೆ ಹೇಳಿದೆ. "ನಿನ್ನ ತಾಯಿಗೆ ಆ ವಯಸ್ಸಲ್ಲಿ ಅದು ಬೇಡ" ಎಂದೆ. ಕಡೆಗೆ ಅದೇ ಹೆಂಗಸು ಡಾಕ್ಟರ ಬಳಿ ಕರೆದೊಯ್ದೆವು. ನನ್ನ ಹಾಗೇ, ಅವರದ್ದೂ ಇಳಿಯಿತು, ಇನ್ನೂ ನಿಧಾನವಾಗಿ. ನಾನು ಪ್ರತಿ ರಜೆಗೂ ಅಲ್ ನಹ್ದಾಕ್ಕೆ ಹೋಗುತ್ತಿದ್ದೆ. ಅವರನ್ನು ಕೆಳಗಿನ ಪಾರ್ಕಿನಲ್ಲಿ ನಡೆಸುತ್ತಿದ್ದೆ. ಒಮ್ಮೊಮ್ಮೆ ನನ್ನನ್ನು ಗುರುತಿಸಿ ಸಿಟ್ಟಿನಿಂದ ಕೈ ಕೊಡವಿಕೊಳ್ಳುತ್ತಿದ್ದರು. ನನಗೆ ಅಷ್ಟರಿಂದಲೇ ಸಂತೋಷ.

ಒಂದು ದಿನ ಇಬ್ಬರೂ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದೆವು. ಅತ್ತೆಯ ಕೈ ನಿಂತಿತು. ಏನೂ ಮುನ್ಸೂಚನೆ ಇಲ್ಲದೆ, ಹೊಟ್ಟೆಯ ಅಡಿಯಿಂದ, "ವಾಲ್ಲೀ, ನನ್ನ ಪುತಾ!" ಎಂದು ಕೂಗಿದರು. ತಟ್ಟೆ ಮಗುಚಿತು. ನಾನು ಅವರನ್ನು ಹಿಡಿದುಕೊಂಡೆ. ಅವರು ನನ್ನ ಬೆನ್ನಿಗೆ ಗುದ್ದುತ್ತಾ ಗುದ್ದುತ್ತಾ ಅತ್ತರು. ನಾನೂ ಕೂಗಿ ಅತ್ತೆ.

ಸ್ಟ್ಯಾನಿ ಓಡಿಬಂದ. ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಹಳೆಯ ಚೀಲದಿಂದ ಹುಡುಕಿ ತೆಗೆದ ಮಾತ್ರೆಯ ಹಾಳೆ. ನಾನು ಕಾಲಿನಿಂದಲೇ ಬಾಗಿಲು ತಳ್ಳಿ ಮುಚ್ಚಿದೆ.

"ಅತ್ತಿಗೆ! ಎಂತಾಯ್ತು? ಮಾಂಯ್‌ಗೆ ಎಂತಾಯ್ತು?" ಹೊರಗಿನಿಂದ ಬಡಿಯುತ್ತಿದ್ದ.

"ಎಂತ ಆಗ್ಲಿಲ್ಲ" ಎಂದೆ. "ನಿನ್ನ ಅಣ್ಣ ತೀರಿಹೋಗಿದ್ದಾರೆ."